ಹಳೇ ವಾಲ್ವ್ ಆ್ಯಂಪ್: ಬದಲಾಯಿಸೋದಾ, ಹಾಗೇ ಬಿಡೋದಾ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದ ನನ್ನ ಚಿಕ್ಕಪ್ಪ ಊರಿಗೆ ವಾಪಸ್ ಬರುವಾಗ 1968ರ ಫೆಂಡರ್ ಡೀಲಕ್ಸ್ ರಿವರ್ಬ್ ಗಿಟಾರ್ ಆ್ಯಂಪ್ (ಗಾಜಿನ ವಾಲ್ವ್‌ಗಳಿಂದ ನಡೆಯುವ ಹಳೇ ಬಗೆಯದು) ತಂದು ನನಗೆ ಕೊಟ್ಟರು. ನಾನು ಮೈಸೂರಿನಲ್ಲಿ ಒಂದು ಬ್ಯಾಂಡಿನಲ್ಲಿ ನುಡಿಸುತ್ತೇನೆ. ಬ್ಲೂಸ್, ಹಳೇ ರಾಕ್ ನಮ್ಮದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಆನ್ ಮಾಡಿದೆ. ಸದ್ದು ಬರುತ್ತದೆ. ಆದರೆ ಗುಂಯ್ ಅನ್ನುವ ಹಮ್ ಜಾಸ್ತಿ, ಮೇಲಿನ ತಂತಿಗಳು ಕಿವಿಗೆ ಚುಚ್ಚುತ್ತವೆ, ವೈಬ್ರಾಟೊ ಸತ್ತೇ ಹೋಗಿದೆ. ಒಬ್ಬರಿಗೆ ತೋರಿಸಿದೆ. ‘ಇದು ಸಿಲ್ವರ್‌ಫೇಸ್, ಬ್ಲ್ಯಾಕ್‌ಫೇಸ್ ಮಾಡೋಣ. ಮಾಸ್ಟರ್ ವಾಲ್ಯೂಮ್ ಹಾಕೋಣ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ದೊಡ್ಡದು ಮಾಡೋಣ. ಕೆಪಾಸಿಟರ್ ಎಲ್ಲಾ ಆರೆಂಜ್ ಡ್ರಾಪ್ ಹಾಕೋಣ. ವೈಬ್ರಾಟೊ ಹೇಗೂ ಕೆಟ್ಟಿದೆ, ಅದರ ವಾಲ್ವನ್ನು ಗೇನ್‌ಗೆ ಬಳಸೋಣ’ ಅಂದರು. ಇನ್ನೊಬ್ಬ ಗೆಳೆಯ ‘ಒಂದು ಸ್ಕ್ರೂ ಮುಟ್ಟಿದರೂ ಬೆಲೆ ಹೋಯ್ತು, ಧೂಳೂ ಒರೆಸಬೇಡ’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತೂ ಬೇಡ. ಮೊದಲು ಆ್ಯಂಪ್ ಆಫ್ ಮಾಡಿ, ವೈರನ್ನು ಸಾಕೆಟ್ಟಿನಿಂದ ಕಿತ್ತು ಪ್ಲಗ್ ನೋಡಿ. ಎರಡೇ ಪಿನ್ ಇದೆಯಾ? ಇದ್ದರೆ ಉಳಿದ ಚರ್ಚೆಯೆಲ್ಲ ಆಮೇಲೆ.

ಆ ಕಾಲದ ಎಷ್ಟೋ ಫೆಂಡರ್‌ಗಳು ಎರಡು ಪಿನ್ನಿನ ವೈರಿನೊಂದಿಗೇ ಬಂದವು. ಅರ್ಥಿಂಗ್ ಇಲ್ಲ. ಅದರ ಬದಲು ಹಿಂದೆ ಗ್ರೌಂಡ್ ಅಂತ ಬರೆದ ಒಂದು ಸ್ವಿಚ್, ಅದರಿಂದ ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) 0.047 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್. ಹಮ್ ಬಂದರೆ ಸ್ವಿಚ್ ಆಚೆ ಈಚೆ ಮಾಡಿ ನೋಡು ಅಂತ ಲೆಕ್ಕ. ಕೆಪಾಸಿಟರ್ ಚೆನ್ನಾಗಿದ್ದರೆ 120 ವೋಲ್ಟ್‌ನಲ್ಲಿ ಸುಮಾರು 2 ಮಿಲಿಆ್ಯಂಪ್ ಸೋರುತ್ತದೆ. ಕೈಗೆ ಜುಮ್ ಅನ್ನುತ್ತದೆ, ಅಷ್ಟೆ. ಅದು ಶಾರ್ಟ್ ಆದರೆ ಕರೆಂಟ್ ನೇರವಾಗಿ ಚಾಸಿಗೆ ಬರುತ್ತದೆ. ಚಾಸಿಯಿಂದ ಗಿಟಾರ್ ಕೇಬಲ್ಲಿಗೆ, ಕೇಬಲ್ಲಿನಿಂದ ತಂತಿಗೆ, ತಂತಿಯಿಂದ ನಿಮ್ಮ ಬೆರಳಿಗೆ. ಆಗ ತುಟಿ ಮೈಕಿಗೆ ತಾಗಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ರಿಪೇರಿಯವರು ಇದನ್ನು ಡೆತ್ ಕ್ಯಾಪ್ ಅನ್ನುತ್ತಾರೆ. ಸುಮ್ನೆ ಇಟ್ಟ ಹೆಸರಲ್ಲ.

ಈ ಕೆಪಾಸಿಟರ್ ಬಿಚ್ಚಿ, ಮೂರು ಎಳೆಯ ವೈರ್ ಹಾಕಿ, ಹಸಿರು ಎಳೆಯನ್ನು ಚಾಸಿಗೆ ಬೋಲ್ಟ್ ಮಾಡಬೇಕು. ಇದರಿಂದ ಬೆಲೆ ಇಳಿಯುತ್ತದೆ ಅನ್ನುವವರನ್ನು ನಾನು ಈವರೆಗೆ ನೋಡಿಲ್ಲ. ನಿಮ್ಮ ಧೂಳು ಒರೆಸದ ಗೆಳೆಯನಿಗೂ ಇದನ್ನು ಹೇಳಿ.

ಅರ್ಥಿಂಗ್ ಇಷ್ಟಕ್ಕೇ ಮುಗಿಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 230ರಿಂದ 110ಕ್ಕೆ ಇಳಿಸುವ ಡಬ್ಬಿಗಳು ಬೇಕಾದಷ್ಟು ಸಿಗುತ್ತವೆ. ಅಗ್ಗದವುಗಳಲ್ಲಿ ಇತ್ತ ಗೋಡೆಗೆ ಮೂರು ಪಿನ್, ಅತ್ತ ಆ್ಯಂಪಿಗೆ ಎರಡೇ ತೂತು. ಮೂರು ತೂತು ಇದ್ದರೂ ಮೂರನೆಯದಕ್ಕೆ ಒಳಗೆ ವೈರೇ ಇರದ ಡಬ್ಬಿಯನ್ನೂ ನಾನು ಬಿಚ್ಚಿ ನೋಡಿದ್ದೇನೆ. ಡಬ್ಬಿಯನ್ನು ಗೋಡೆಯಿಂದ ಕಿತ್ತು, ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ. ಒಂದು ಕಡ್ಡಿ ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದು ಹೊರಗಿನ ಸಾಕೆಟ್ಟಿನ ಅರ್ಥ್ ತೂತಿಗೆ. ಬೀಪ್ ಬರದಿದ್ದರೆ ಆ ಡಬ್ಬಿ ಬೇಡ. 300 ವಿಎ ಸಾಕು, ಏಕೆಂದರೆ ಆ್ಯಂಪಿನ ಫ್ಯೂಸೇ 2 ಆ್ಯಂಪಿಯರಿನದು. ಕೈಯಲ್ಲಿ ಹಿಡಿಯುವಷ್ಟು ಹಗುರದ ಎಲೆಕ್ಟ್ರಾನಿಕ್ ಕನ್ವರ್ಟರ್ ಯಾರಾದರೂ ಕೊಟ್ಟರೆ ತಗೋಬೇಡಿ. ತಾಮ್ರ, ಕಬ್ಬಿಣ ಇರುವ ಭಾರದ ಡಬ್ಬಿಯೇ ಬೇಕು.

110 ಅಂದೆ, 120 ಅನ್ನಲಿಲ್ಲ. ಅದಕ್ಕೂ ಕಾರಣ ಇದೆ. ನಿಮ್ಮ ಆ್ಯಂಪಿನ ಟ್ರಾನ್ಸ್‌ಫಾರ್ಮರ್ ಅಮೆರಿಕದ 117 ವೋಲ್ಟ್, 60 ಹರ್ಟ್ಸ್‌ಗೆ ಸುತ್ತಿದ್ದು. ನಮ್ಮದು 50 ಹರ್ಟ್ಸ್. ಅದೇ ವೋಲ್ಟೇಜಿನಲ್ಲಿ 50 ಹರ್ಟ್ಸ್ ಕೊಟ್ಟರೆ ಅದರ ಕಬ್ಬಿಣಕ್ಕೆ ಶೇಕಡ 20ರಷ್ಟು ಹೆಚ್ಚು ಹೊರೆ ಬೀಳುತ್ತದೆ. ಬಿಸಿ ಆಗುತ್ತದೆ. ಹಾಗಂತ 100 ವೋಲ್ಟ್‌ಗೆ ಇಳಿಸಿದರೆ ವಾಲ್ವಿನ ಹೀಟರಿಗೆ 6.3 ವೋಲ್ಟ್ ಬರಬೇಕಾದ ಕಡೆ 5.4 ಬರುತ್ತದೆ. ಅದೂ ಒಳ್ಳೆಯದಲ್ಲ. 110 ಅನ್ನುವುದು ನಡುವಿನ ದಾರಿ. ಆಗ ಹೀಟರಿಗೆ 5.9 ಸಿಗುತ್ತದೆ, ವಾಲ್ವಿಗೆ ತೊಂದರೆ ಇಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ನಾನು ವಾಲ್ವ್ ರೇಡಿಯೊ ರಿಪೇರಿಯಿಂದ ಈ ಕೆಲಸಕ್ಕೆ ಬಂದವನು. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ ಮಾಡಿದ ವಾಲ್ವ್‌ಗಳು ಅಂಗಡಿಗಳಲ್ಲಿ ಇನ್ನೂ ಉಳಿದಿದ್ದ ಕಾಲ ಅದು. ಹಳೇ ಮರ್ಫಿ ರೇಡಿಯೊ ಮೇಜಿನ ಮೇಲೆ ಬಂದರೆ ಮೇಣ ಸವರಿದ ಕಾಗದದ ಕೆಪಾಸಿಟರ್‌ಗಳನ್ನು ಕಣ್ಣು ಮುಚ್ಚಿ ಕಿತ್ತು ಹಾಕುತ್ತಿದ್ದೆವು. ಅವು ಸೋರುತ್ತವೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಅದೇ ಅಭ್ಯಾಸ ಗಿಟಾರ್ ಆ್ಯಂಪಿಗೂ ತಂದೆ. ಅದು ತಪ್ಪು ಅಂತ ಗೊತ್ತಾಗಲು ಹಲವು ವರ್ಷ ಬೇಕಾಯಿತು.

ಒಂದು ಹಳೇ ಆ್ಯಂಪಿನಲ್ಲಿ ಎರಡು ಬಗೆಯ ಸಾಮಾನು ಇರುತ್ತದೆ. ಸವೆಯುವುದು ಗೊತ್ತಿದ್ದೇ ಹಾಕಿದ್ದು ಒಂದು. ಆ್ಯಂಪಿಗೆ ಅದರ ದನಿ ಕೊಡುವುದು ಇನ್ನೊಂದು. ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಬದಲಾಯಿಸಿದರೆ ಯಾರೂ ಮನೆ ಬದಲಾಯಿತು ಅನ್ನುವುದಿಲ್ಲ. ಕಂಬ ಕಿತ್ತು ಕಾಂಕ್ರೀಟ್ ಹಾಕಿದರೆ ಅದು ಬೇರೆ ಮನೆ. ಮೊದಲ ಬಗೆಯದನ್ನು ಬದಲಾಯಿಸಲೇಬೇಕು, ಅದು ಮಾಡಿಫಿಕೇಶನ್ ಅಲ್ಲವೇ ಅಲ್ಲ. ಎರಡನೆಯದನ್ನು ಮುಟ್ಟಬೇಡಿ. ಮಧ್ಯದಲ್ಲಿ ಕೆಲವು ಬರುತ್ತವೆ. ಅವಕ್ಕೆ ನನ್ನದು ಒಂದೇ ಪ್ರಶ್ನೆ: ನಾಳೆ ಬೇಡ ಅನಿಸಿದರೆ ಅರ್ಧ ಗಂಟೆಯಲ್ಲಿ ಸೋಲ್ಡರಿಂಗ್ ಕಬ್ಬಿಣ ಹಿಡಿದು ಮೊದಲಿನ ಹಾಗೆ ಮಾಡಬಹುದಾ?

ನಿಮ್ಮ ಹಮ್‌ನಿಂದ ಶುರು ಮಾಡೋಣ. ಚಾಸಿಯ ಬೆನ್ನಿಗೆ ಒಂದು ತಗಡಿನ ಮುಚ್ಚಳ ಇದೆ. ಅದನ್ನು ಬಿಚ್ಚಿದರೆ ಒಳಗೆ ಸಾಲಾಗಿ ಐದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ತಲಾ 16 ಮೈಕ್ರೋಫ್ಯಾರಡ್. ಕರೆಂಟಿನ ಏರಿಳಿತ ಸಮ ಮಾಡಿ ಹಮ್ ತಡೆಯುವುದು ಇವುಗಳ ಕೆಲಸ. ಇವುಗಳ ಒಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಹದಿನೈದು ಇಪ್ಪತ್ತು ವರ್ಷ ಬಾಳಿದರೆ ಪುಣ್ಯ. ನಿಮ್ಮವಕ್ಕೆ ಐವತ್ತು ದಾಟಿದೆ. ತುದಿಯಲ್ಲಿ ಗುಳ್ಳೆಯ ಹಾಗೆ ಉಬ್ಬಿದ್ದರೆ, ಬಿಳಿ ಬಿಳಿ ಒಸರಿದ್ದರೆ ಅವು ಮುಗಿದವು ಅಂತ. ಚೆನ್ನಾಗಿಯೇ ಕಂಡರೂ ನಾನು ನಂಬುವುದಿಲ್ಲ. ಒಂದು ಶಾರ್ಟ್ ಆದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವನ್ನೂ ಪವರ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಹೆಂಚು ಉಳಿಸಲು ಹೋಗಿ ಕಂಬ ಕಳೆದುಕೊಂಡ ಹಾಗೆ.

16ರ ಬದಲು 22 ಮೈಕ್ರೋಫ್ಯಾರಡ್, 500 ವೋಲ್ಟಿನದು ಹಾಕಿ. ‘ದೊಡ್ಡದು ಹಾಕಿದರೆ ಹಮ್ ಇನ್ನೂ ಕಡಿಮೆ’ ಅಂತ 100 ಹಾಕುವವರಿದ್ದಾರೆ. ಬೇಡ. ನಿಮ್ಮ ರೆಕ್ಟಿಫೈಯರ್ ಜಿಝಡ್34. ಅದರ ಎದುರು ನಿಲ್ಲುವ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ದಾಟಬಾರದು ಅಂತ ತಯಾರಕರೇ ಬರೆದಿದ್ದಾರೆ. ಇಲ್ಲಿ ಮೊದಲ ಎರಡು ಜೋಡಿಯಾಗಿ ಕೂತಿವೆ, ಎರಡು 22 ಸೇರಿ 44. ಅಷ್ಟರಲ್ಲೇ ನಿಲ್ಲಿ. ಜೋರಾಗಿ ಬಾರಿಸಿದಾಗ ವೋಲ್ಟೇಜ್ ಒಂದು ಗಳಿಗೆ ಕುಸಿದು ಮತ್ತೆ ಏಳುತ್ತದೆ. ಬ್ಲೂಸ್ ನುಡಿಸುವವರು ಇಷ್ಟಪಡುವ ಆ ಮೆತ್ತನೆಯ ಹಿಡಿತ ಅದೇ. ಕೆಪಾಸಿಟರ್ ದೊಡ್ಡದು ಮಾಡಿದರೆ ಅದೂ ಗಟ್ಟಿಯಾಗುತ್ತದೆ.

ಬಯಾಸ್ ಕೆಪಾಸಿಟರನ್ನು ಮಾತ್ರ ಬೇರೆಯಾಗಿ ಹೇಳುತ್ತೇನೆ. ಸಣ್ಣದು, ಮೂಲೆಯಲ್ಲಿ ಇರುತ್ತದೆ, ಎಲ್ಲರೂ ಮರೆಯುತ್ತಾರೆ. ಅದು ಒಣಗಿದರೆ ಔಟ್‌ಪುಟ್ ವಾಲ್ವ್‌ಗಳನ್ನು ಹದ್ದುಬಸ್ತಿನಲ್ಲಿಡುವ ಮೈನಸ್ ವೋಲ್ಟೇಜ್ ಇಳಿದು, ಅವು ಒಳಗೇ ಕೆಂಪಗೆ ಕಾಯುತ್ತವೆ. ಇಲ್ಲಿ ವೋಲ್ಟೇಜ್ ಮೈನಸ್ ಆದ್ದರಿಂದ ಕೆಪಾಸಿಟರಿನ ಪ್ಲಸ್ ತುದಿ ಗ್ರೌಂಡಿಗೆ ಹೋಗಬೇಕು. ಬೇರೆಲ್ಲ ಕಡೆ ಮೈನಸ್ ಗ್ರೌಂಡಿಗೆ ಹಾಕಿ ರೂಢಿ ಆದ ಕೈ ಇಲ್ಲಿ ತಪ್ಪು ಮಾಡುತ್ತದೆ. ನಾನೇ ಒಮ್ಮೆ ಉಲ್ಟಾ ಹಾಕಿ ಟಪ್ ಅನ್ನಿಸಿದ್ದೇನೆ.

ವಾಲ್ವ್ ಬದಲಾಯಿಸಿದರೆ ಬಯಾಸ್, ಅಂದರೆ ಆ ಮೈನಸ್ ವೋಲ್ಟೇಜ್, ಹೊಂದಿಸಬೇಕು. ಫೆಂಡರ್ ಇಲ್ಲಿ 6ವಿ6 ಅನ್ನುವ ಔಟ್‌ಪುಟ್ ವಾಲ್ವ್‌ಗಳಿಗೆ 415 ವೋಲ್ಟ್ ಕೊಟ್ಟಿದೆ. ಪುಸ್ತಕದ ಪ್ರಕಾರ ಆ ವಾಲ್ವಿನ ಮಿತಿ 315. ಅಂದಿನ ಗಟ್ಟಿ ವಾಲ್ವ್‌ಗಳು ತಡೆದುಕೊಂಡವು. ಈಗಿನವುಗಳಲ್ಲಿ ಸ್ಲೊವಾಕಿಯಾದ ಜೆಜೆ 6ವಿ6 ಈ ವೋಲ್ಟೇಜ್ ತಾಳುತ್ತದೆ. ಪ್ರತಿ ವಾಲ್ವಿಗೆ 20ರಿಂದ 22 ಮಿಲಿಆ್ಯಂಪ್ ಸುತ್ತ ಇಟ್ಟರೆ ದನಿಯೂ ಇರುತ್ತದೆ, ವಾಲ್ವೂ ಬಾಳುತ್ತದೆ.

ಸವೆಯುವ ಪಟ್ಟಿ ಹೆಚ್ಚುಕಡಿಮೆ ಇಷ್ಟೇ. ವೈರ್, ಎಲೆಕ್ಟ್ರೊಲಿಟಿಕ್, ವಾಲ್ವ್, ಜೊತೆಗೆ ಮೌಲ್ಯ ತಪ್ಪಿದ ಒಂದೆರಡು ರೆಸಿಸ್ಟರ್. ಆ್ಯಂಪ್ ಆನ್ ಇದ್ದಾಗ ಒಣಗಿದ ಮರದ ಕಡ್ಡಿಯಿಂದ ಪ್ಲೇಟಿನ 100 ಕೆ ರೆಸಿಸ್ಟರ್‌ಗಳನ್ನು ಮೆಲ್ಲಗೆ ತಟ್ಟಿದರೆ ಯಾವುದು ಚರಚರ ಅನ್ನುತ್ತದೆ ಅಂತ ಗೊತ್ತಾಗುತ್ತದೆ. ಚರಚರ ಅನ್ನುವುದನ್ನು ಮಾತ್ರ ತೆಗೆಯಿರಿ, ಸಾಲು ಪೂರ್ತಿ ಅಲ್ಲ. (ಮಂಗಳೂರು, ಉಡುಪಿ ಕಡೆ ಇರುವವರಿಗೆ ಇನ್ನೊಂದು ಕಾಟ. ಇವೆಲ್ಲ ಕೂತಿರುವ ಕಪ್ಪು ಫೈಬರ್ ಹಲಗೆ ಮಳೆಗಾಲದ ತೇವ ಕುಡಿದು ತಾನೇ ಕರೆಂಟ್ ಹಾಯಿಸಲು ಶುರು ಮಾಡುತ್ತದೆ. ಹೇರ್ ಡ್ರೈಯರಿನ ಬಿಸಿಗಾಳಿ ಹಾಯಿಸಿ ಒಣಗಿಸಿದರೆ ಎಷ್ಟೋ ಸಲ ಸದ್ದು ನಿಂತುಬಿಡುತ್ತದೆ. ಅದು ಗೊತ್ತಿಲ್ಲದೆ ಅರ್ಧ ಆ್ಯಂಪ್ ಬದಲಾಯಿಸಿದವರಿದ್ದಾರೆ.)

ಈಗ ಆ ರಿಪೇರಿಯವರ ಒಂದೊಂದು ಸಲಹೆ ನೋಡೋಣ.

‘ಬ್ಲ್ಯಾಕ್‌ಫೇಸ್ ಮಾಡೋಣ’ ಅನ್ನುವುದು ನಿಮ್ಮ ವಿಷಯದಲ್ಲಿ ಅಳಿಯ ಅಲ್ಲ ಮಗಳ ಗಂಡ. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ ಫೆಂಡರನ್ನು ಕೊಂಡಿತು. 1967-68ರ ಹೊತ್ತಿಗೆ ಎದುರಿನ ಪಟ್ಟಿಯ ಕಪ್ಪು ಮುಖ (ಬ್ಲ್ಯಾಕ್‌ಫೇಸ್) ಹೋಗಿ ಬೆಳ್ಳಿ ಮುಖ (ಸಿಲ್ವರ್‌ಫೇಸ್) ಬಂತು. ಆಗ ಟ್ವಿನ್ ರಿವರ್ಬ್‌ನಂಥ ದೊಡ್ಡ ಆ್ಯಂಪ್‌ಗಳ ಔಟ್‌ಪುಟ್ ಕಡೆ ಸರ್ಕ್ಯೂಟನ್ನೂ ಬದಲಾಯಿಸಿದರು. ಆ ಬದಲಾವಣೆ ಗಿಟಾರಿಸ್ಟ್‌ಗಳಿಗೆ ಹಿಡಿಸಲಿಲ್ಲ. ಅದನ್ನು ತೆಗೆದು ಹಳೆಯ ಸರ್ಕ್ಯೂಟಿಗೆ ತರುವುದಕ್ಕೇ ಬ್ಲ್ಯಾಕ್‌ಫೇಸ್ ಮಾಡುವುದು ಅನ್ನುತ್ತಾರೆ. ಆದರೆ ಡೀಲಕ್ಸ್ ರಿವರ್ಬ್ ತಂಟೆಗೆ ಅವರು ಅಷ್ಟಾಗಿ ಹೋಗಲಿಲ್ಲ. ಕ್ಯಾಬಿನೆಟ್ಟಿನ ಒಳಗೆ ಅಂಟಿಸಿದ ವಾಲ್ವ್ ಪಟ್ಟಿಯ ಕಾಗದ ನೋಡಿ. ಎಬಿ763 ಅಂತ ಇದ್ದರೆ ಅದು 1963ರ ಜುಲೈ ತಿಂಗಳಿನ ಸರ್ಕ್ಯೂಟು. ಕಪ್ಪು ಮುಖದ ಡೀಲಕ್ಸಿನದೂ ಅದೇ. ನಿಮ್ಮದು ಹುಟ್ಟಿದಾಗಿನಿಂದ ಬ್ಲ್ಯಾಕ್‌ಫೇಸೇ, ಅಂಗಿ ಮಾತ್ರ ಬೆಳ್ಳಿ. ಇಲ್ಲದ ಕೆಲಸಕ್ಕೆ ಯಾಕೆ ದುಡ್ಡು ಕೊಡುತ್ತೀರಿ?

ಆರೆಂಜ್ ಡ್ರಾಪ್ ವಿಷಯ. ನಿಮ್ಮ ಆ್ಯಂಪಿನಲ್ಲಿ ಒಂದು ವಾಲ್ವಿನಿಂದ ಇನ್ನೊಂದಕ್ಕೆ ಸದ್ದು ದಾಟಿಸುವ ಕಪ್ಲಿಂಗ್ ಕೆಪಾಸಿಟರ್‌ಗಳು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಫಿಲ್ಮಿನವು, ನಮ್ಮ ಮರ್ಫಿಯ ಮೇಣದವಲ್ಲ. ಅವು ಸುಲಭಕ್ಕೆ ಕೆಡುವುದಿಲ್ಲ. ವಾಲ್ವಿನ ಗ್ರಿಡ್ ಕಡೆಗೆ ಡಿಸಿ ಸೋರುತ್ತಿದೆಯಾ ಅಂತ ಮೀಟರ್ ಹಿಡಿದು ನೋಡಿ. ಸೋರದಿದ್ದರೆ ಬಿಟ್ಟುಬಿಡಿ. ಕಿತ್ತಳೆ ಬಣ್ಣದ್ದು ಒಳ್ಳೆಯ ಕೆಪಾಸಿಟರೇ, ಸಂಶಯ ಇಲ್ಲ. ಆದರೆ ಒಳ್ಳೆಯದನ್ನು ಕಿತ್ತು ಒಳ್ಳೆಯದನ್ನು ಹಾಕಿದರೆ ಏನು ಬಂತು? ಮುಂದೆ ಕೊಳ್ಳುವವನು ಮುಚ್ಚಳ ತೆಗೆದು ಮೊದಲು ನೋಡುವುದೇ ಆ ಸಾಲು, ಜೊತೆಗೆ ಕಾರ್ಖಾನೆಯ ಬೆಸುಗೆ.

ವಾಲ್ವ್‌ಗಳನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಾವಣೆ ಅಂತೂ ಖಂಡಿತಾ ಬೇಡ. ಡೀಲಕ್ಸ್ ಅಂದರೆ 22 ವ್ಯಾಟ್. ಅದರ ಟ್ರಾನ್ಸ್‌ಫಾರ್ಮರ್ ಚಿಕ್ಕದು. ವಾಲ್ಯೂಮ್ ಆರು ದಾಟಿದಾಗ ಬರುವ ಆ ಬೆಚ್ಚಗಿನ ಒಡಕು ದನಿಯಲ್ಲಿ (ಡಿಸ್ಟಾರ್ಷನ್) ಈ ಚಿಕ್ಕ ಟ್ರಾನ್ಸ್‌ಫಾರ್ಮರಿನ ಪಾಲೂ ಇದೆ. ದೊಡ್ಡದು ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಸದ್ದು ಸಾಲದು ಅನ್ನುವುದೇ ಕಾರಣವಾದರೆ ಲೆಕ್ಕ ಕೇಳಿ. ವ್ಯಾಟ್ ಎರಡರಷ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಅದೇ 3 ಡೆಸಿಬೆಲ್ ಹೆಚ್ಚು ಕೊಡುವ ಸ್ಪೀಕರ್ ಅಂಗಡಿಯಲ್ಲೇ ಸಿಗುತ್ತದೆ. ಬೋಲ್ಟ್ ಬಿಚ್ಚಿ ಹಾಕಿದರೆ ಆಯಿತು. ಹಳೆಯದನ್ನು ಬಟ್ಟೆ ಸುತ್ತಿ ಅಟ್ಟದ ಮೇಲಿಡಿ. ಸ್ಪೀಕರ್ ಬದಲಾವಣೆಯಷ್ಟು ದನಿ ಬದಲಾಯಿಸುವ ಕೆಲಸ ಬೇರೆ ಇಲ್ಲ, ಅಷ್ಟು ಸುಲಭವಾಗಿ ವಾಪಸ್ ತರಬಹುದಾದದ್ದೂ ಇಲ್ಲ. ಹೊಸದು 8 ಓಮ್‌ನದೇ ಇರಲಿ. ಸ್ಪೀಕರ್ ಸಿಗಿಸದೆ ಮಾತ್ರ ಆ್ಯಂಪನ್ನು ನುಡಿಸಬೇಡಿ.

ಮಾಸ್ಟರ್ ವಾಲ್ಯೂಮ್ ಅಂದರೆ ಕಡಿಮೆ ಸದ್ದಿನಲ್ಲೂ ಒಡಕು ಬರಿಸಲು ಹಾಕುವ ಇನ್ನೊಂದು ವಾಲ್ಯೂಮ್ ಗುಂಡಿ. ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಇಲ್ಲಿ ನನ್ನದೊಂದು ಪಾಪ ಇದೆ.

ತೊಂಬತ್ತರ ದಶಕದಲ್ಲಿ ಒಬ್ಬ ಹುಡುಗ ಫೆಂಡರ್ ಬ್ಯಾಂಡ್‌ಮಾಸ್ಟರ್ ಹೆಡ್ ಒಂದನ್ನು ನನ್ನ ಹತ್ತಿರ ತಂದ. ಹೆವಿ ಮೆಟಲ್ ನುಡಿಸುವವನು. ಮಾಸ್ಟರ್ ವಾಲ್ಯೂಮ್ ಬೇಕು ಅಂದ. ನಾನೂ ಉತ್ಸಾಹದಲ್ಲಿದ್ದೆ. ಎದುರಿನ ಪಟ್ಟಿಯಲ್ಲಿ ಡ್ರಿಲ್ ಹಾಕಿದೆ. ಬಣ್ಣ ಸಿಪ್ಪೆ ಎದ್ದಿತು, ಅಕ್ಷರ ಒಂದು ಅರ್ಧ ಹೋಯಿತು. ಪಾಟ್ (ಗುಂಡಿಯ ಹಿಂದಿನ ತಿರುಗುವ ರೆಸಿಸ್ಟರ್) ಕೂರಿಸಿದೆ, ವೈರ್ ಎಳೆದೆ. ಆನ್ ಮಾಡಿದರೆ ಬಂದದ್ದು ಜೇನುಹುಳ ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ ಒಂದು ಝುಂಯ್. ಆಗ ಅರ್ಥ ಆಯಿತು. ಈ ಆ್ಯಂಪ್‌ಗಳ ಚಂದದ ಒಡಕು ಬರುವುದು ಕೊನೆಯ ವಾಲ್ವ್‌ಗಳಿಂದ, ಟ್ರಾನ್ಸ್‌ಫಾರ್ಮರಿನಿಂದ, ಸ್ಪೀಕರಿನಿಂದ. ಮೊದಲ ವಾಲ್ವ್‌ಗಳನ್ನು ಮಾತ್ರ ಒಡೆಸಿ ಕೊನೆಯವನ್ನು ಸುಮ್ಮನಿರಿಸಿದರೆ ಚರ್ಮ ಇಲ್ಲದ ಮದ್ದಳೆ ಬಾರಿಸಿದ ಹಾಗೆ. ಆ ಹುಡುಗ ಎರಡು ತಿಂಗಳಲ್ಲಿ ಬೇಸತ್ತು ಮಾರಲು ಹೋದ. ಕೊಳ್ಳಲು ಬಂದವನು ತೂತಿನ ಮೇಲೆ ಬೆರಳಾಡಿಸಿ ಮಾತೇ ಆಡದೆ ಹೋದನಂತೆ. ಕಿತ್ತ ಸಾಮಾನುಗಳನ್ನು ನಾನು ಅಂದೇ ಕಸಕ್ಕೆ ಹಾಕಿದ್ದೆ. ಪಾಟ್ ಆಮೇಲೆ ತೆಗೆದೆ. ತೂತು ಇನ್ನೂ ಇದೆ.

ನಿಮಗೆ ಕಡಿಮೆ ಸದ್ದಿನಲ್ಲಿ ಒಡಕು ಬೇಕಾದರೆ ಎದುರಿಗೆ ಒಂದು ಒಳ್ಳೆಯ ಓವರ್‌ಡ್ರೈವ್ ಪೆಡಲ್ ಇಡಿ. ಇಲ್ಲವೇ ಸ್ಪೀಕರಿಗೂ ಆ್ಯಂಪಿಗೂ ನಡುವೆ ಸದ್ದು ತಗ್ಗಿಸುವ ಅಟೆನ್ಯುಯೇಟರ್ ಹಾಕಿ. ಎರಡಕ್ಕೂ ಡ್ರಿಲ್ ಬೇಡ.

‘ಹಾಗಾದರೆ ದೊಡ್ಡ ದೊಡ್ಡವರೇ ಫೆಂಡರ್ ಬಿಚ್ಚಿ ಬದಲಾಯಿಸಲಿಲ್ವಾ?’ ಅಂತ ಕೇಳಬಹುದು. ಹೌದು, ಬದಲಾಯಿಸಿದರು. ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ಅರವತ್ತರ ದಶಕದ ಕೊನೆಯಲ್ಲಿ ಪುಟ್ಟ ಫೆಂಡರ್ ಪ್ರಿನ್ಸ್‌ಟನ್‌ಗಳಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್, 12 ಇಂಚಿನ ಸ್ಪೀಕರ್ ತುರುಕಿದರು. ಕಾರ್ಲೋಸ್ ಸಂಟಾನಾ ಅದನ್ನು ನುಡಿಸಿ ಮೆಚ್ಚಿ ಆಡಿದ ಮಾತಿನಿಂದಲೇ ಬೂಗಿ ಅನ್ನುವ ಹೆಸರು ಬಂತು, ಮೆಸಾ ಬೂಗಿ ಕಂಪನಿ ಬೆಳೆಯಿತು. ಅದಕ್ಕೂ ಮೊದಲು ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅಂಗಡಿಯವರು ಫೆಂಡರ್ ಬಾಸ್‌ಮನ್ ಸರ್ಕ್ಯೂಟ್ ನೋಡಿಯೇ ತಮ್ಮ ಮೊದಲ ಆ್ಯಂಪ್ ಜೆಟಿಎಂ45 ಮಾಡಿದರು. ಆದರೆ ಒಂದು ವ್ಯತ್ಯಾಸ ಗಮನಿಸಿ. ಸ್ಮಿತ್ ಬಿಚ್ಚಿದ ಪ್ರಿನ್ಸ್‌ಟನ್ ಅಂದು ಹಳೇ ಕಾಲದ ವಸ್ತು ಆಗಿರಲಿಲ್ಲ. ಅಂಗಡಿಯಲ್ಲಿ ಸಿಗುವ ಮಾಮೂಲಿ ಆ್ಯಂಪ್ ಅದು. ಕೆಟ್ಟರೆ ಇನ್ನೊಂದು ತರಬಹುದಿತ್ತು. ಮಾರ್ಷಲ್‌ನವರು ಹೊಸದನ್ನೇ ಕಟ್ಟಿದರು, ಹಳೆಯದರ ಮೇಲೆ ತೂತು ಕೊರೆಯಲಿಲ್ಲ. ನಿಮಗೂ ಕೈ ತುರಿಸುತ್ತಿದ್ದರೆ ಅದೇ ದಾರಿ ಇದೆ. ಎಬಿ763 ಸರ್ಕ್ಯೂಟಿನ ಕಿಟ್‌ಗಳು ಸಿಗುತ್ತವೆ. ಫೆಂಡರ್ 1993ರಿಂದ 65ರ ಡೀಲಕ್ಸ್ ರಿವರ್ಬನ್ನು ಮತ್ತೆ ಮಾಡುತ್ತಿದೆ. ಅದರ ಮೇಲೆ ಬೇಕಾದ ಪ್ರಯೋಗ ಮಾಡಿ, ಯಾರೂ ಕೇಳುವುದಿಲ್ಲ.

ಚುಚ್ಚುವ ದನಿಗೆ ಮಾತ್ರ ನಾನೇ ಒಂದು ಬದಲಾವಣೆ ಹೇಳುತ್ತೇನೆ. ವೈಬ್ರಾಟೊ ಚಾನೆಲ್ಲಿನ ವಾಲ್ಯೂಮ್ ಪಾಟಿನ ಬೆನ್ನ ಮೇಲೆ 47 ಪಿಕೊಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್ ಇದೆ. ಹುಣಸೆ ಬೀಜಕ್ಕಿಂತ ಚಿಕ್ಕದು. ಕಡಿಮೆ ವಾಲ್ಯೂಮಿನಲ್ಲಿ ಮೇಲಿನ ಸ್ವರಗಳನ್ನು ಎತ್ತಿ ತೋರಿಸುವುದು ಅದರ ಕೆಲಸ. ವಾಲ್ಯೂಮ್ ಏರಿಸಿದಂತೆ ಅದರ ಪ್ರಭಾವ ಕರಗುತ್ತದೆ, ಹತ್ತರಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ಎರಡು ಮೂರರಲ್ಲಿ ನುಡಿಸುವವರಿಗೆ ಅದೇ ಕಿವಿ ಚುಚ್ಚುವುದು. ಅದರ ಒಂದು ಕಾಲಿನ ಬೆಸುಗೆ ಬಿಡಿಸಿ ಪಕ್ಕಕ್ಕೆ ಬಗ್ಗಿಸಿ, ತುದಿಗೆ ಒಂದು ಚೂರು ಸ್ಲೀವ್ ಹಾಕಿ. ಕತ್ತರಿಸಬೇಡಿ, ಕಿತ್ತು ಎಸೆಯಲೂ ಬೇಡಿ. ಬೇಕು ಅನಿಸಿದ ದಿನ ಅದೇ ಕಾಲು ಅದೇ ಜಾಗಕ್ಕೆ ವಾಪಸ್.

ಇದನ್ನು ನೀವೇ ಮಾಡಲು ಹೊರಟರೆ ಒಂದು ಎಚ್ಚರಿಕೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಕೂತಿರಬಹುದು. 100 ಕೆ, 5 ವ್ಯಾಟಿನ ರೆಸಿಸ್ಟರಿಗೆ ಕ್ಲಿಪ್ ವೈರ್ ಕಟ್ಟಿ, ಒಂದು ಕೈ ಜೇಬಿನಲ್ಲಿಟ್ಟುಕೊಂಡು, ಒಂದೊಂದನ್ನೂ ಚಾಸಿಗೆ ಇಳಿಸಿ. ಮೀಟರಿನಲ್ಲಿ ಸೊನ್ನೆ ಕಂಡ ಮೇಲೇ ಕೈ ಹಾಕಿ. ಇದು ಗಾಬರಿ ಅನಿಸಿದರೆ ಗೊತ್ತಿದ್ದವರ ಕೈಲೇ ಮಾಡಿಸಿ, ಅದರಲ್ಲಿ ಅವಮಾನ ಏನಿಲ್ಲ.

ಬೆಲೆಯ ಚಿಂತೆ ಇರುವುದರಿಂದ, ಬಿಚ್ಚಿದ ದಿನವೇ ಒಳಗೆ ಏನೇನು ಮೂಲದ್ದು ಅಂತ ನೋಡಿ ಫೋನಿನಲ್ಲಿ ಫೋಟೊ ತೆಗೆದಿಡಿ. ಟ್ರಾನ್ಸ್‌ಫಾರ್ಮರ್ ಮೇಲೆ 606ರಿಂದ ಶುರುವಾಗುವ ಅಂಕಿ ಇದ್ದರೆ ಅದು ಷೂಮಾಕರ್ ಕಂಪನಿಯದು, ಮುಂದಿನ ಅಂಕಿಗಳು ವರ್ಷ ಮತ್ತು ವಾರ. ಪಾಟ್‌ಗಳ ಬೆನ್ನ ಮೇಲೆ 1376822 ಅಂತ ಇದ್ದರೆ ಸಿಟಿಎಸ್ ಕಂಪನಿ, 1968ರ 22ನೇ ವಾರ. ಸ್ಪೀಕರ್ ಮೇಲೆ 465 ಇದ್ದರೆ ಆಕ್ಸ್‌ಫರ್ಡ್, 220 ಇದ್ದರೆ ಜೆನ್ಸನ್. ಇವು ಒಂದಕ್ಕೊಂದು ಹೊಂದಿದರೆ ನಿಮ್ಮ ಚಿಕ್ಕಪ್ಪ ಅಪರೂಪದ್ದೇ ತಂದಿದ್ದಾರೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಯಾರೋ ಆಗಲೇ ಬದಲಾಯಿಸಿದ್ದರೆ, ಚಾಸಿಯಲ್ಲಿ ಆಗಲೇ ತೂತಿದ್ದರೆ ನನ್ನ ಮಾತಿನ ಬಿಗಿ ಅರ್ಧ ಸಡಿಲಿಸಿಕೊಳ್ಳಿ. ಅಂಥ ಆ್ಯಂಪ್ ಜೊತೆ ಆಟ ಆಡಲು ನನಗೂ ಇಷ್ಟ. ಬದಲಾಯಿಸಿದ ಪ್ರತಿ ಸಾಮಾನನ್ನು, ಆ ಒಣಗಿದ ಐದು ಕೆಪಾಸಿಟರ್ ಸಹಿತ, ಒಂದು ಪೊಟ್ಟಣ ಕಟ್ಟಿ ದಿನಾಂಕ ಬರೆದು ಕ್ಯಾಬಿನೆಟ್ಟಿನ ತಳದಲ್ಲೇ ಇಡಿ.

ವಾರಕ್ಕೆ ಎರಡು ಮೂರು ಶೋ ಇದ್ದು, ಪವರ್ ಟ್ರಾನ್ಸ್‌ಫಾರ್ಮರ್ ಕೈ ಇಡಲಾಗದಷ್ಟು ಕಾಯುತ್ತಿದ್ದರೆ ಆಗ ಒಂದು ದೊಡ್ಡ ಬದಲಾವಣೆಗೆ ನಾನು ಒಪ್ಪುತ್ತೇನೆ. ಅದೇ ಅಳತೆಯ, ಅದೇ ಬೋಲ್ಟ್ ತೂತಿಗೆ ಕೂರುವ 230 ವೋಲ್ಟ್, 50 ಹರ್ಟ್ಸ್‌ನ ಟ್ರಾನ್ಸ್‌ಫಾರ್ಮರ್ ತರಿಸಿ ಹಾಕಿ, ಹಳೆಯದನ್ನು ಜೋಪಾನ ಮಾಡಿ. ಸುಟ್ಟ ಮೂಲ ಟ್ರಾನ್ಸ್‌ಫಾರ್ಮರಿಗಿಂತ ಕಪಾಟಿನಲ್ಲಿರುವ ಮೂಲ ಟ್ರಾನ್ಸ್‌ಫಾರ್ಮರ್ ವಾಸಿ. ತಿಂಗಳಿಗೊಂದು ಶೋ ಆದರೆ ಸ್ಟೆಪ್‌ಡೌನ್ ಡಬ್ಬಿಯೇ ಸಾಕು.

ಕೊನೆಗೆ ನಿಮ್ಮ ಸತ್ತ ವೈಬ್ರಾಟೊ. ಅಂದಹಾಗೆ ಅದು ವೈಬ್ರಾಟೊ ಅಲ್ಲ, ಟ್ರೆಮೊಲೊ. ಸ್ವರ ಕುಣಿಯುವುದಿಲ್ಲ, ಸದ್ದು ಏರಿಳಿಯುತ್ತದೆ. ಫೆಂಡರ್‌ನವರು ಹೆಸರು ತಪ್ಪಿಟ್ಟು ಹಾಗೇ ಮುಂದುವರಿಸಿದರು. ಒಳಗೆ ಒಂದು ಪುಟ್ಟ ನಿಯಾನ್ ದೀಪ ಮಿಣುಕುತ್ತದೆ, ಪಕ್ಕದ ಬೆಳಕಿನ ರೆಸಿಸ್ಟರ್ ಅದನ್ನು ನೋಡಿ ಸದ್ದನ್ನು ಏರಿಸಿ ಇಳಿಸುತ್ತದೆ. ಆ ಜೋಡಿ ಕೆಡುವುದೂ ಉಂಟು. ಆದರೆ ನಿಮ್ಮ ಪತ್ರದಲ್ಲಿ ಫುಟ್‌ಸ್ವಿಚ್ ಮಾತೇ ಇಲ್ಲ. ಈ ಆ್ಯಂಪಿನಲ್ಲಿ ರಿವರ್ಬ್ ಫುಟ್‌ಸ್ವಿಚ್ ಇಲ್ಲದೆಯೂ ಬರುತ್ತದೆ. ವೈಬ್ರಾಟೊ ಬರುವುದಿಲ್ಲ. ಹಿಂದಿನ ಜಾಕ್ ಗ್ರೌಂಡಿಗೆ ಸೇರಿದಾಗ ಮಾತ್ರ ಅದು ಶುರುವಾಗುತ್ತದೆ. ಎಸ್.ಪಿ. ರೋಡಿನಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಒಂದು ಆರ್‌ಸಿಎ ಪ್ಲಗ್ ತನ್ನಿ. ಅದರ ನಡುವಿನ ಕಡ್ಡಿಗೂ ಹೊರಗಿನ ಬಳೆಗೂ ಒಂದು ಚೂರು ವೈರ್ ಬೆಸೆದು ಹಿಂದಿನ ವೈಬ್ರಾಟೊ ಜಾಕಿಗೆ ಸಿಗಿಸಿ. ಸ್ಪೀಡ್, ಇಂಟೆನ್ಸಿಟಿ ಎರಡನ್ನೂ ಮಧ್ಯಕ್ಕೆ ತಿರುಗಿಸಿ, ಒಂದು ತಂತಿ ಮೀಟಿ. ಸದ್ದು ತೂಗಿದರೆ ಚಿಕ್ಕಪ್ಪನಿಗೆ ಫೋನ್ ಮಾಡಿ. ಫುಟ್‌ಸ್ವಿಚ್ ನ್ಯೂಜೆರ್ಸಿಯ ಯಾವುದೋ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ.